ವೇಷದ ಬೆರಗು, ಬಾಡಿಗೆಯ ಲೆಕ್ಕ

ಅಮೆರಿಕದ ಫ್ಲಾರಿಡಾದಲ್ಲಿರುವ ಡಿಸ್ನಿ ಉದ್ಯಾನದಲ್ಲಿ ಹ್ಯಾಲೊವೀನ್ ಹಬ್ಬದ ಸಂಜೆಗಳಿಗೆ ಪ್ರತ್ಯೇಕ ಟಿಕೆಟ್ ಇರುತ್ತದೆ. ಟಿಕೆಟ್ ಕೊಂಡ ಗ್ರಾಹಕರೇ ಬಗೆಬಗೆಯ ವೇಷ ತೊಟ್ಟು ಬರುತ್ತಾರೆ. ಒಬ್ಬರ ಕಲ್ಪನೆಯನ್ನು ಮತ್ತೊಬ್ಬರು ಮೆಚ್ಚಿ ನೋಡುತ್ತಾರೆ.

ಇಂತಹ ಬೆರಗು ಶಿವಗಂಗೆಯ ಸುತ್ತಲಿನ ಹಳ್ಳಿಗಳಿಗೆ ಹೊಸದಲ್ಲ. ನೆಲಮಂಗಲ, ತುಮಕೂರು ಸೀಮೆಯಲ್ಲಿ ಹವ್ಯಾಸಿ ಕಲಾವಿದರು ಕುರುಕ್ಷೇತ್ರ ನಾಟಕವಾಡುವಾಗ ಹಗಲು ಹೊಲದಲ್ಲಿ ದುಡಿದವರು ರಾತ್ರಿ ಕಿರೀಟ, ಭುಜಕೀರ್ತಿ ಧರಿಸಿ ದುರ್ಯೋಧನನಾಗುತ್ತಾರೆ. ಈ ವೈಭವವನ್ನು ಒದಗಿಸುವವರು ಸೀನರಿ ಹಾಗೂ ವೇಷಭೂಷಣಗಳನ್ನು ಬಾಡಿಗೆಗೆ ಕೊಡುವ ಸಣ್ಣ ಉದ್ಯಮಿಗಳು.

ಇವರು ಗಮನಿಸಬೇಕಾದ ಅಂಶವೊಂದಿದೆ. ಕರ್ನಾಟಕದಲ್ಲಿ ಸರಕನ್ನು ಮಾತ್ರ ಮಾರುವವರಿಗೆ ಜಿ.ಎಸ್.ಟಿ. ನೋಂದಣಿಯ ಮಿತಿ ಸಾಮಾನ್ಯವಾಗಿ ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟು. ಬಾಡಿಗೆಗೆ ಕೊಡುವುದಾದರೋ ಕಾಯ್ದೆಯ ದೃಷ್ಟಿಯಲ್ಲಿ ಸೇವೆ. ಅದರ ಮಿತಿ 20 ಲಕ್ಷ. ಕಿರೀಟ ತಯಾರಿಸಿ ಮಾರುತ್ತಲೇ ಬಾಡಿಗೆಗೂ ಕೊಡುವವರಿಗೆ ಎರಡನ್ನೂ ಕೂಡಿಸಿ 20 ಲಕ್ಷವೇ ಅನ್ವಯಿಸುತ್ತದೆ. ಇದನ್ನರಿಯದೆ ಮಿತಿ ದಾಟಿದಲ್ಲಿ, ಗ್ರಾಹಕರಿಂದ ಪಡೆಯದ ತೆರಿಗೆಯನ್ನು ಬಡ್ಡಿ, ದಂಡಗಳೊಡನೆ ಸ್ವಂತ ಬಂಡವಾಳದಿಂದಲೇ ತೆರಬೇಕಾದೀತು.

ಆದುದರಿಂದ ಮಾರಾಟ ಮತ್ತು ಬಾಡಿಗೆಯ ಬಿಲ್ಲುಗಳನ್ನು ಪ್ರತ್ಯೇಕವಾಗಿರಿಸಿ, ತಿಂಗಳಿಗೊಮ್ಮೆ ಒಟ್ಟು ಮೊತ್ತವನ್ನು ಕೂಡಿ ನೋಡುವುದು ಕ್ಷೇಮ. ನಾಟಕಗಳ ಸುಗ್ಗಿಯಲ್ಲಿ ಈ ಮೊತ್ತ ಬೇಗನೆ ಏರುತ್ತದೆ.