ಲೋಳೆಸರಕ್ಕೆ ನೀರು ಯಾವಾಗ? ಎಲೆ ಕೊಯ್ದು ನೋಡ್ರಿ

ಮೂರು ವರ್ಷದ ಹಿಂದೆ ಬೀದರ್ ಪೇಟೆಯಲ್ಲಿ ಮಾರಲು ಲೋಳೆಸರದ 40 ಕುಂಡ ಮಾಡಿದ್ದೆ. ಭಾಲ್ಕಿಯ ಎರೆ ಮಣ್ಣು ತುಂಬಿ, ದಿನಾ ನೀರು ಹಾಕಿದೆ. ಒಂದೇ ಮಳೆಗಾಲದಲ್ಲಿ ಅರ್ಧಕ್ಕರ್ಧ ಕೊಳೆತು ಹೋದವು. ತೋಟಗಾರಿಕೆ ಓದಿದವನೇ ಹಿಂಗ ಮಾಡಿದ್ದೆ! ಕಾರಣ ಎಲೆಯೊಳಗೇ ಇತ್ತು. ಒಂದು ಬಲಿತ ಎಲೆ ಅಡ್ಡ ಕೊಯ್ದು ನೋಡ್ರಿ.

ಸಿಪ್ಪೆ: ಮೇಲೆ ಮೇಣದಂಥ ಪದರ ಇರುತ್ತದೆ. ಒಳಗಿನ ನೀರು ಆವಿಯಾಗದಂತೆ ಇದು ತಡೆಯುತ್ತದೆ.

ಹಸಿರು ಪದರ: ಸಿಪ್ಪೆಯ ಕೆಳಗೆ ತೆಳ್ಳಗೆ ಇರುತ್ತದೆ. ಆಹಾರ ತಯಾರಾಗೋದು ಇಲ್ಲೇ.

ನಾಳಗಳು: ಹಸಿರು ಪದರದ ಒಳಅಂಚಿಗೆ ಸಾಲಾಗಿರುತ್ತವೆ. ಕೊಯ್ದಾಗ ಒಸರುವ ಹಳದಿ ಕಹಿ ರಸ ಇವುಗಳ ಪಕ್ಕದ ಕೋಶಗಳದ್ದು. ಅದರಲ್ಲಿನ ಅಲೋಯಿನ್ ಭೇದಿ ಮಾಡಿಸುತ್ತದೆ, ಬಾಯಿಗೆ ಹಾಕಬ್ಯಾಡ್ರಿ.

ಲೋಳೆ: ನಡುವಿನ ಬಣ್ಣವಿಲ್ಲದ ಭಾಗ. ತೆಳು ಗೋಡೆಯ ದೊಡ್ಡ ಕೋಶಗಳು. ಇದರಲ್ಲಿ ಸುಮಾರು ಶೇ. 98ರಷ್ಟು ನೀರೇ.

ಅಂದ್ರೆ ಎಲೆಯೇ ಈ ಗಿಡದ ಕೃಷಿ ಹೊಂಡ. ಖರ್ಚೂ ಕಡಿಮೆ. ನಮ್ಮ ಜೋಳ, ತೊಗರಿ ಹಗಲು ಪತ್ರರಂಧ್ರ ತೆರೆದು ಗಾಳಿ ತಗೊಳ್ತವೆ, ಆಗ ನೀರೂ ಆವಿಯಾಗುತ್ತದೆ. ಲೋಳೆಸರ ಮುಖ್ಯವಾಗಿ ರಾತ್ರಿ ತಂಪಿನಲ್ಲಿ ತೆರೆಯುತ್ತದೆ. ಆಗ ಹೀರಿದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಹಗಲು ಬಾಗಿಲು ಮುಚ್ಚಿಕೊಂಡೇ ಅದರಿಂದ ಸಕ್ಕರೆ ಮಾಡುತ್ತದೆ.

ಇಂಥ ಗಿಡಕ್ಕೆ ದಿನಾ ನೀರು ಬೇಕಾಗೋದಿಲ್ಲ. ಬೇರಿಗೆ ಮಾತ್ರ ಗಾಳಿ ಬೇಕೇ ಬೇಕು. ಭಾಲ್ಕಿ, ಔರಾದ್ ಕಡೆಯ ಎರೆ ಮಣ್ಣು ಭಾಳ ಹೊತ್ತು ನೀರು ಹಿಡಿದಿಡುತ್ತದೆ. ಬೇರು ಉಸಿರುಗಟ್ಟಿ, ಶಿಲೀಂಧ್ರ ಸೇರಿ ಕೊಳೆಯುತ್ತದೆ. ಬೀದರ್ ನಗರದ ಸುತ್ತಲಿನ ಜಂಬಿಟ್ಟಿಗೆಯ ಕೆಂಪು ಮಣ್ಣು ನೀರು ಬಸಿಯುತ್ತದೆ, ಕುಂಡಕ್ಕೆ ಅದೇ ಛಲೋ.

ಈಗ ನಾನು ಮಾಡೋದು ಇಷ್ಟು:

• ಕೆಂಪು ಮಣ್ಣು 2 ಪಾಲು, ದಪ್ಪ ಮರಳು 1 ಪಾಲು, ಎರೆಗೊಬ್ಬರ 1 ಪಾಲು. ಕುಂಡದ ತಳಕ್ಕೆ ತೂತು ಇರಲೇಬೇಕು.

• ಎಲೆ ದಪ್ಪಗಿದ್ದರೆ ನೀರು ಬೇಡ. ಎಲೆ ತೆಳ್ಳಗಾಗಿ ಅಂಚು ಒಳಗೆ ಮಡಚಿ, ಮಣ್ಣೂ ಒಣಗಿದ್ದರೆ ನೀರು ಹಾಕ್ರಿ.

• ಎಲೆಯ ಬುಡ ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗಿದರೆ ನೀರು ಹೆಚ್ಚಾಗಿದೆ. ಗಿಡ ಕಿತ್ತು, ಕೊಳೆತ ಬೇರು ಕತ್ತರಿಸಿ, 2-3 ದಿನ ನೆರಳಲ್ಲಿ ಒಣಗಿಸಿ ಹೊಸ ಮಣ್ಣಿಗೆ ನೆಡ್ರಿ.

ಉಳಿದ ಗಿಡಗಳ ಮರಿ ಕಿತ್ತು ಹೀಗೇ ಬೆಳೆಸಿದೆ. ಕಳೆದ ಮಳೆಗಾಲದಲ್ಲಿ ಒಂದು ಕುಂಡವೂ ಕೊಳೆಯಲಿಲ್ಲ. ನೀವು ನೀರಿನ ಕ್ಯಾನ್ ಎತ್ತುವ ಮೊದಲು ಒಮ್ಮೆ ಎಲೆ ಮುಟ್ಟಿ ನೋಡ್ರಿ.