ಲೇಕ್ ಜಿನೀವಾ: ದಾಳ ಉರುಳಿದ ಊರು

ಶಿಕಾಗೊದಿಂದ ವಾಯವ್ಯಕ್ಕೆ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ವಿಸ್ಕಾನ್ಸಿನ್ ರಾಜ್ಯದ ಗಡಿ ದಾಟಿ ತುಸು ದೂರ ಹೋದರೆ ದೊಡ್ಡದೊಂದು ಸರೋವರ, ಅದರ ಪೂರ್ವದ ತುದಿಗೆ ಅಂಟಿಕೊಂಡ ಎಂಟು ಸಾವಿರ ಚಿಲ್ಲರೆ ಜನರ ಊರು ಲೇಕ್ ಜಿನೀವಾ. 1871ರಲ್ಲಿ ಶಿಕಾಗೊ ನಗರ ಬೆಂಕಿಗೆ ಬಲಿಯಾದ ಮೇಲೆ ಅಲ್ಲಿನ ಸಿರಿವಂತರು ಈ ದಂಡೆಯಲ್ಲಿ ಬೇಸಿಗೆ ಬಂಗಲೆ ಕಟ್ಟಿಸಿಕೊಂಡರು. ಚ್ಯೂಯಿಂಗ್ ಗಮ್ ಮಾರಿ ಹೆಸರಾದ ರಿಗ್ಲಿ ಮನೆತನವೂ ಅವರಲ್ಲಿತ್ತು. ಇವತ್ತಿಗೂ ಊರಿನ ಬದುಕು ನಡೆಯುವುದು ಬೇಸಿಗೆಯ ಪ್ರವಾಸಿಗರಿಂದಲೇ.

ಆದರೆ ಪ್ರತಿ ಮಾರ್ಚ್‌ನಲ್ಲಿ, ಚಳಿ ಇನ್ನೂ ಬಿಟ್ಟಿರದ ಹೊತ್ತಿನಲ್ಲಿ, ಬೇರೆಯದೇ ಒಂದು ಜಾತ್ರೆ ಸೇರುತ್ತದೆ. ಬಂದವರಿಗೆ ಸರೋವರ ಬೇಕಿಲ್ಲ, ದೋಣಿ ಬೇಕಿಲ್ಲ. ಒಂದು ಮೇಜು, ಆರು ಕುರ್ಚಿ, ಚೀಲದ ತುಂಬ ದಾಳ ಇದ್ದರೆ ನಾಲ್ಕು ದಿನ ಕೋಣೆಯಿಂದ ಹೊರಗೆ ಬಾರದವರು ಅವರು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹುಟ್ಟಿದ್ದು ಈ ಊರಿನಲ್ಲಿ.

ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್ ಎಂಬ ಈ ಬಗೆಯ ಆಟವೆಂದರೆ ಏನೆಂದು ಹೊಸಬರಿಗೆ ವಿವರಿಸುವುದು ಎಲ್ಲ ದೇಶದಲ್ಲೂ ಕಷ್ಟ. ತಾಳಮದ್ದಳೆ ಕೇಳಿದ ಕನ್ನಡಿಗರಿಗೆ ಮಾತ್ರ ಸ್ವಲ್ಪ ಸುಲಭ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಒಬ್ಬ ಕರ್ಣನಾಗುತ್ತಾನೆ, ಇನ್ನೊಬ್ಬ ಕೃಷ್ಣನಾಗುತ್ತಾನೆ, ಮಾತು ಅಲ್ಲೇ ಹುಟ್ಟುತ್ತದೆ, ಭಾಗವತರು ಪ್ರಸಂಗವನ್ನು ಹಿಡಿದು ನಡೆಸುತ್ತಾರೆ. ಇಲ್ಲಿ ಭಾಗವತರ ಜಾಗದಲ್ಲಿ ಕೂರುವವರು ಡಂಜನ್ ಮಾಸ್ಟರ್, ಆಟಗಾರರ ಬಾಯಲ್ಲಿ ಡಿಎಂ. ವ್ಯತ್ಯಾಸ ಇಷ್ಟೇ: ತಾಳಮದ್ದಳೆಯಲ್ಲಿ ಕರ್ಣ ಬೀಳುತ್ತಾನೆಂದು ಎಲ್ಲರಿಗೂ ಮೊದಲೇ ಗೊತ್ತು. ಇಲ್ಲಿ ದಾಳ ಉರುಳುವವರೆಗೆ ಡಿಎಂಗೂ ಗೊತ್ತಿರುವುದಿಲ್ಲ.

ಊರಿನ ಬ್ರಾಡ್ ಸ್ಟ್ರೀಟ್‌ನಲ್ಲಿ ಹಾರ್ಟಿಕಲ್ಚರಲ್ ಹಾಲ್ ಎಂಬ ಹಳೆಯ ಸಭಾಂಗಣವಿದೆ. ಬಂಗಲೆಗಳ ತೋಟ ನೋಡಿಕೊಳ್ಳುತ್ತಿದ್ದ ಮಾಲಿಗಳು, ಮೇಸ್ತ್ರಿಗಳು ಕೂಡಿ ಕಳೆದ ಶತಮಾನದ ಆರಂಭದಲ್ಲಿ ಕಟ್ಟಿಸಿಕೊಂಡದ್ದು. 1968ರ ಆಗಸ್ಟ್ 24ರಂದು ಈ ಹಾಲನ್ನು ಗ್ಯಾರಿ ಗೈಗ್ಯಾಕ್ಸ್ ಎಂಬ ವಿಮಾ ಕಂಪನಿಯ ನೌಕರ 50 ಡಾಲರ್‌ಗೆ ಒಂದು ದಿನದ ಮಟ್ಟಿಗೆ ಬಾಡಿಗೆ ಹಿಡಿದ. ಹಿಂದಿನ ವರ್ಷ ತನ್ನ ಮನೆಯ ನೆಲಮಾಳಿಗೆಯಲ್ಲೇ ಯುದ್ಧದಾಟದ ಗೆಳೆಯರನ್ನು ಸೇರಿಸಿದ್ದ. ಈ ಬಾರಿ ಮನೆ ಸಾಲದಾಯಿತು. ಪ್ರವೇಶಕ್ಕೆ ತಲೆಗೆ ಒಂದು ಡಾಲರ್ ಇಟ್ಟ. ನೂರರ ಆಸುಪಾಸು ಜನ ಬಂದರು. ಬಾಡಿಗೆ ಗಿಟ್ಟಿತು. ‘ಜೆನ್ ಕಾನ್’ ಆರಂಭವಾದದ್ದು ಹೀಗೆ. ಈಗ ಇಂಡಿಯಾನಾಪೊಲಿಸ್ ನಗರದಲ್ಲಿ ನಡೆಯುವ ಅದೇ ಜೆನ್ ಕಾನ್‌ಗೆ 2023ರಲ್ಲಿ ಸೇರಿದವರು 70 ಸಾವಿರಕ್ಕೂ ಹೆಚ್ಚು.

ಮರುವರ್ಷದ ಕೂಟದಲ್ಲಿ ಮಿನೆಸೋಟದ ಡೇವ್ ಆರ್ನೆಸನ್ ಎಂಬ ವಿದ್ಯಾರ್ಥಿ ಗೈಗ್ಯಾಕ್ಸ್‌ಗೆ ಪರಿಚಯವಾದ. ಯುದ್ಧದಾಟದಂತೆ ಸೈನ್ಯಗಳನ್ನು ಓಡಿಸುವ ಬದಲು ಪ್ರತಿ ಆಟಗಾರನೂ ಒಬ್ಬನೇ ಒಬ್ಬ ವೀರನಾಗಿ ಆಡುವ ‘ಬ್ಲ್ಯಾಕ್‌ಮೂರ್’ ಆಟವನ್ನು 1972ರ ಕೊನೆಯಲ್ಲಿ ಅವನು ಲೇಕ್ ಜಿನೀವಾಕ್ಕೆ ತಂದು ಆಡಿಸಿ ತೋರಿಸಿದ. ಗೈಗ್ಯಾಕ್ಸ್ ಅದಕ್ಕೆ ನಿಯಮಗಳ ಕಟ್ಟು ಹಾಕಲು ಕೂತ. ಪ್ರಕಾಶಕರು ಸಿಗಲಿಲ್ಲ. ಬಾಲ್ಯದ ಗೆಳೆಯ ಡಾನ್ ಕೇ ತನ್ನ ಜೀವವಿಮೆಯ ಮೇಲೆ ಸಾಲ ಎತ್ತಿ ಒಂದು ಸಾವಿರ ಡಾಲರ್ ಹಾಕಿದ, 1973ರಲ್ಲಿ ಟಿಎಸ್‌ಆರ್ ಕಂಪನಿ ಹುಟ್ಟಿತು. 1974ರ ಮೊದಲಲ್ಲಿ ಮೂರು ಪುಸ್ತಿಕೆಗಳ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪೆಟ್ಟಿಗೆ ಹೊರಬಂತು: ಒಂದು ಸಾವಿರ ಪ್ರತಿ, ಬೆಲೆ 10 ಡಾಲರ್. ಕೇ ಮನೆಯ ಊಟದ ಕೋಣೆಯೇ ಕಚೇರಿ. ಅಷ್ಟೂ ಪ್ರತಿ ಖರ್ಚಾಗಲು ಒಂದು ವರ್ಷವೂ ಬೇಕಾಗಲಿಲ್ಲ. ಆದರೆ ಅದರ ಲಾಭ ಉಣ್ಣಲು ಕೇ ಉಳಿಯಲಿಲ್ಲ. 1975ರ ಜನವರಿಯಲ್ಲಿ, 36ರ ಹರೆಯದಲ್ಲಿ ಹೃದಯಾಘಾತದಿಂದ ತೀರಿಕೊಂಡ.

ಇಲ್ಲಿಂದ ಮುಂದಿನ ಕಥೆ ವಿಲಿಯಮ್ಸ್ ಸ್ಟ್ರೀಟ್‌ನ 723ನೇ ನಂಬರಿನ ಬೂದು ಬಣ್ಣದ ಮರದ ಮನೆಯದು. ನೋಡಲು ಏನೇನೂ ಇಲ್ಲದ ಮನೆ. ಬೀದಿಯಲ್ಲಿ ಹಾದುಹೋಗುವವರು ತಿರುಗಿಯೂ ನೋಡಲಿಕ್ಕಿಲ್ಲ. 1970ರ ದಶಕದ ನಡುವಿನಲ್ಲಿ ಟಿಎಸ್‌ಆರ್ ಇದನ್ನು ಕೊಂಡಿತು. ಮಹಡಿಯಲ್ಲಿ ಕಚೇರಿ, ಕೆಳಗೆ ‘ಡಂಜನ್ ಹಾಬಿ ಶಾಪ್’. ತಮ್ಮ ಪುಸ್ತಕಗಳ ಜೊತೆಗೆ ಸೀಸದ ಪುಟಾಣಿ ಗೊಂಬೆ, ದಾಳ ಎಲ್ಲವೂ ಅಲ್ಲಿ ಮಾರಾಟಕ್ಕೆ.

ಆ ದಾಳಗಳದ್ದೇ ಒಂದು ಕಥೆ. ನಾಲ್ಕು, ಎಂಟು, ಹನ್ನೆರಡು, ಇಪ್ಪತ್ತು ಮುಖಗಳ ದಾಳವನ್ನು ಆಟಕ್ಕೆಂದು ಯಾರೂ ಮಾಡುತ್ತಿರಲಿಲ್ಲ. ಶಾಲೆಗಳಿಗೆ ಗಣಿತದ ಪಾಠೋಪಕರಣ ಮಾರುವ ಕ್ಯಾಲಿಫೋರ್ನಿಯಾದ ಕಂಪನಿಯೊಂದರಿಂದ ಟಿಎಸ್‌ಆರ್ ಅವನ್ನು ತರಿಸುತ್ತಿತ್ತು. ಮೆದು ಪ್ಲಾಸ್ಟಿಕ್, ಕೆಲವು ತಿಂಗಳು ಆಡಿದರೆ ಮೂಲೆಗಳು ಸವೆದು ಇಪ್ಪತ್ತು ಮುಖದ್ದು ಗೋಲಿಯಂತಾಗುತ್ತಿತ್ತು. ಅದರ ಮೇಲೆ ಇಪ್ಪತ್ತರವರೆಗಿನ ಅಂಕಿಯೂ ಇರಲಿಲ್ಲ. ಸೊನ್ನೆಯಿಂದ ಒಂಬತ್ತು ಎರಡೆರಡು ಸಲ. ಮುಂದೆ ಬಂದ ಪೆಟ್ಟಿಗೆಗಳಲ್ಲಿ ದಾಳದ ಜೊತೆ ಒಂದು ಮೇಣದ ಕ್ರೇಯಾನ್ ಇರುತ್ತಿತ್ತು. ಕೆತ್ತಿದ ಅಂಕಿಗಳಿಗೆ ಅದನ್ನು ತಿಕ್ಕಿ, ಬೆರಳಲ್ಲಿ ಒರೆಸಿದರೆ ಅಂಕಿ ಮಾತ್ರ ಬಣ್ಣ ಹಿಡಿಯುತ್ತಿತ್ತು. 1979ರ ಸುಮಾರಿಗೆ ಆಟಕ್ಕೆ ಬೇಡಿಕೆ ಏರಿ ದಾಳಕ್ಕೇ ಬರ ಬಂದಾಗ ಪೆಟ್ಟಿಗೆಯೊಳಗೆ ಅಂಕಿ ಮುದ್ರಿಸಿದ ರಟ್ಟಿನ ಚೂರುಗಳನ್ನಿಟ್ಟು ಕಳಿಸಿದರು. ಕತ್ತರಿಸಿ ಲೋಟಕ್ಕೆ ಹಾಕಿ, ಚೀಟಿ ಎತ್ತಿದಂತೆ ಎತ್ತಿ ಆಡಿ ಎಂದರ್ಥ.

ಇವತ್ತು ಜಗತ್ತಿನ ಯಾವುದೇ ಊರಿನ ಆಟದಂಗಡಿ ‘ಗೇಮ್ ಡೇ’ ಎಂದು ಬೋರ್ಡ್ ಹಾಕಿ ಬಂದವರನ್ನು ಆಟಕ್ಕೆ ಕೂರಿಸಿದರೆ ಅದರ ಪದ್ಧತಿಯೆಲ್ಲ ಜೆನ್ ಕಾನ್‌ನಂಥ ಕೂಟಗಳ ಕಾಲದಲ್ಲಿ ಪಳಗಿದ್ದು. ಮನೆಯಲ್ಲಿ ಆಡುವವರಿಗೆ ಅವಸರವಿಲ್ಲ, ಒಂದೇ ಕಥೆ ವರ್ಷಗಟ್ಟಲೆ ಎಳೆಯಬಹುದು. ಪರಿಚಯವೇ ಇಲ್ಲದ ಆರು ಜನ ಒಂದು ಮಧ್ಯಾಹ್ನಕ್ಕೆಂದು ಸೇರಿದರೆ ಏನು ಮಾಡುವುದು? 1975ರಲ್ಲಿ ‘ಒರಿಜಿನ್ಸ್’ ಎಂಬ ಸಮ್ಮೇಳನಕ್ಕೆ ಗೈಗ್ಯಾಕ್ಸ್ ‘ಟೂಂಬ್ ಆಫ್ ಹಾರರ್ಸ್’ ಎಂಬ ಕಥೆ ಬರೆದುಕೊಂಡು ಹೋದ. ಆಟಗಾರರನ್ನು ನಿರ್ದಯವಾಗಿ ಕೊಲ್ಲುವ ಗೋರಿ ಅದು. ಎಲ್ಲ ಮೇಜಿಗೂ ಅದೇ ಗೋರಿ, ಅವೇ ಬಲೆಗಳು. ಯಾರು ಎಷ್ಟು ದೂರ ಬದುಕಿ ಹೋಗುತ್ತಾರೆ ಎಂಬುದೇ ಪಂದ್ಯ. 1978ರಲ್ಲಿ ಅದು ಪುಸ್ತಕವಾಗಿ ಬಂದಾಗ ಇಪ್ಪತ್ತು ಸಿದ್ಧ ಪಾತ್ರಗಳನ್ನೂ ಜೊತೆಗೆ ಕೊಟ್ಟಿದ್ದರು. ಗೇಮ್ ಡೇ ನಡೆಸುವವರಿಗೆ ಈ ಸಿದ್ಧ ಪಾತ್ರಗಳು ಎಷ್ಟು ದೊಡ್ಡ ಉಪಕಾರ ಎಂಬುದು ಒಮ್ಮೆ ಅವಿಲ್ಲದೆ ನಡೆಸಿ ನೋಡಿದರೆ ತಿಳಿಯುತ್ತದೆ: ಹೊಸಬರು ತಮ್ಮ ಪಾತ್ರ ಬರೆದುಕೊಳ್ಳುವಷ್ಟರಲ್ಲೇ ಎರಡು ಗಂಟೆ ಮುಗಿದು ಹಸಿವಾಗಿರುತ್ತದೆ.

ಪುಸ್ತಕ, ಬೊಂಬೆ, ನಕ್ಷೆ ಎಲ್ಲ ಹಣಕ್ಕೆ ಸಿಗುತ್ತವೆ. ಅಂಗಡಿಯವರ ನಿಜವಾದ ಗೋಳು ಡಿಎಂಗಳದ್ದು. ಇಪ್ಪತ್ತನಾಲ್ಕು ಜನ ಬರುತ್ತಾರೆಂದರೆ ನಾಲ್ಕು ಮೇಜು, ನಾಲ್ವರು ಡಿಎಂ, ಮೇಲೆ ತುರ್ತಿಗೆಂದು ಇನ್ನೊಬ್ಬ ಡಿಎಂ ಬೇಕು. ಒಬ್ಬ ಡಿಎಂ ಜ್ವರ ಬಂದು ಮಲಗಿದರೆ ಆರು ಜನ ಬೆಪ್ಪಾಗಿ ಕೂರುತ್ತಾರೆ. ಹೆಸರು ಬರೆಸುವ ಹಾಳೆ ಬಾಗಿಲ ಹತ್ತಿರವೇ ಇರಬೇಕು. ಮೇಜಿಗೆ ಆರೇ ಸಾಲು, ಏಳನೆಯ ಹೆಸರಿಗೆ ಜಾಗವೇ ಇರಬಾರದು, ಇದ್ದರೆ ಯಾರೋ ಬರೆದೇ ಬರೆಯುತ್ತಾರೆ. ಒಂದು ಆಟಕ್ಕೆ ನಾಲ್ಕು ಗಂಟೆ. ಪೆನ್ಸಿಲ್, ರಬ್ಬರ್ ಬೇಕಾದಷ್ಟು. ಮೇಜುಗಳ ನಡುವೆ ಸಾಕಷ್ಟು ದೂರ, ಇಲ್ಲದಿದ್ದರೆ ಪಕ್ಕದ ಮೇಜಿನ ಡ್ರ್ಯಾಗನ್ ಈ ಮೇಜಿನ ಗುಟ್ಟಿನ ಮಾತಿಗೆ ನುಗ್ಗುತ್ತದೆ. ಈಚೆಗೆ ಮೇಜಿನ ನಡುವೆ ಒಂದು ಚೀಟಿಯನ್ನೂ ಇಡುತ್ತಾರೆ. 2013ರಲ್ಲಿ ಜಾನ್ ಸ್ಟಾವ್ರೊಪೌಲೊಸ್ ಪರಿಚಯಿಸಿದ ಎಕ್ಸ್ ಕಾರ್ಡ್ ಅದು. ಕಥೆ ಯಾರಿಗಾದರೂ ಸಹಿಸಲಾಗದ ಕಡೆ ತಿರುಗಿದರೆ ಅದನ್ನು ಮುಟ್ಟಿದರೆ ಸಾಕು, ಕಾರಣ ಕೇಳದೆ ಆ ಭಾಗ ಬಿಟ್ಟು ಮುಂದೆ ಹೋಗುತ್ತಾರೆ. ಅಪರಿಚಿತರ ಕೂಟಕ್ಕೆ ಇದು ಬೇಕಾದದ್ದೇ.

ಇಷ್ಟೆಲ್ಲ ಆದ ಮೇಲೆ ಆಟ ಹೀಗೆ ಸಾಗುತ್ತದೆ. “ಬಾಗಿಲ ಆಚೆ ಏನೋ ಕೆರೆಯೋ ಸದ್ದು ಕೇಳ್ತಿದೆ” ಎನ್ನುತ್ತಾರೆ ಡಿಎಂ. ಕಳ್ಳನ ಪಾತ್ರದವರು ಬೀಗ ತೆಗೆಯಲು ಇಪ್ಪತ್ತು ಮುಖದ ದಾಳ ಉರುಳಿಸುತ್ತಾರೆ. ಬಿದ್ದದ್ದು ಒಂಬತ್ತು, ಕೈಚಳಕಕ್ಕೆ ಐದು ಸೇರಿಸಿದರೆ ಹದಿನಾಲ್ಕು. ಬೀಗಕ್ಕೆ ಬೇಕಿದ್ದದ್ದು ಹದಿನೈದು. “ಅಯ್ಯೋ!” ಎಂದು ಮೇಜಿಗೆ ಮೇಜೇ ಉಸಿರು ಬಿಡುತ್ತದೆ. “ಒದ್ದುಬಿಡ್ಲಾ?” ಕೇಳುತ್ತಾರೆ ಯೋಧೆಯಾದವರು. “ಒದೀಬಹುದು,” ಡಿಎಂ ನಗುತ್ತಾರೆ, “ಸದ್ದಾಗುತ್ತೆ.” ಅಲ್ಲಿಗೆ ಐದು ನಿಮಿಷ ವಾದ.

ಅಂಗಡಿಗೆ ಇದರಿಂದ ಏನು ಲಾಭ? ನಾಲ್ಕು ಗಂಟೆ ಜಾಗ ಹಿಡಿದು ಕೂತವರು ಕೊಳ್ಳುವುದು ಬಹಳವೆಂದರೆ ಒಂದು ಜೊತೆ ದಾಳ. ಆದರೂ ಪ್ರಕಾಶಕರು ಅಂಗಡಿಗಳನ್ನು ಬಿಡಲಿಲ್ಲ, ಏಕೆಂದರೆ ಈ ಆಟ ಓದಿ ಕಲಿಯುವಂಥದ್ದಲ್ಲ, ಆಡುವವರ ಪಕ್ಕ ಕೂತು ಕಲಿಯುವಂಥದ್ದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ಮೂವತ್ತು ತುಂಬಿದ 2004ರಲ್ಲಿ ಅಂಗಡಿ ಅಂಗಡಿಗಳಲ್ಲಿ ಜಾಗತಿಕ ಗೇಮ್ ಡೇ ನಡೆಯಿತು. 2007ರಲ್ಲಿ ‘ಫ್ರೀ ಆರ್‌ಪಿಜಿ ಡೇ’ ಆರಂಭವಾಯಿತು. ಹಲವು ಪ್ರಕಾಶಕರ ಕಿರುಪುಸ್ತಿಕೆಗಳ ಕಟ್ಟನ್ನು ಅಂಗಡಿಯವರು ತರಿಸಿಕೊಂಡು ಬಂದವರಿಗೆ ಪುಕ್ಕಟೆ ಹಂಚುತ್ತಾರೆ. 2010ರಿಂದ ಕೆಲವು ವರ್ಷ ಅಂಗಡಿಗಳ ಬುಧವಾರ ಸಂಜೆಗಳಿಗೆಂದೇ ಬರೆದ ಕಥೆಯ ಚಿಕ್ಕ ಕಂತುಗಳೂ ಬಂದವು. ಬೆಂಗಳೂರಿನ ಬೋರ್ಡ್ ಗೇಮ್ ಕೆಫೆಗಳು ಇದೇ ಪಟ್ಟನ್ನು ಬೇರೆ ಲೆಕ್ಕದಲ್ಲಿ ಆಡುತ್ತವೆ. ಅಲ್ಲಿ ಕಾಸು ಹುಟ್ಟುವುದು ಪುಸ್ತಕ ಮಾರಾಟಕ್ಕಿಂತ ಕುರ್ಚಿಯ ಬಾಡಿಗೆಯಿಂದ, ಕಾಫಿಯಿಂದ.

ಹುಟ್ಟಿದೂರು ಮಾತ್ರ ಆಟವನ್ನು ಉಳಿಸಿಕೊಳ್ಳಲಿಲ್ಲ. 1985ರಲ್ಲಿ ಗೈಗ್ಯಾಕ್ಸ್ ತಾನೇ ಕಟ್ಟಿದ ಕಂಪನಿಯ ಹಿಡಿತ ಕಳೆದುಕೊಂಡ. ಸಾಲದಲ್ಲಿ ಮುಳುಗಿದ ಟಿಎಸ್‌ಆರ್ ಅನ್ನು 1997ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕೊಂಡು ಕೆಲಸವನ್ನೆಲ್ಲ ದೇಶದ ಇನ್ನೊಂದು ಅಂಚಿನ ವಾಷಿಂಗ್ಟನ್ ರಾಜ್ಯಕ್ಕೆ ಒಯ್ದಿತು. ಗೈಗ್ಯಾಕ್ಸ್ ಊರು ಬಿಡಲಿಲ್ಲ. ಹುಡುಕಿಕೊಂಡು ಬಂದ ಅಭಿಮಾನಿಗಳಿಗೆ ಮನೆಯ ಜಗಲಿಯಲ್ಲೇ ಆಟ ಆಡಿಸುತ್ತಿದ್ದ. 2008ರ ಮಾರ್ಚ್‌ನಲ್ಲಿ ಅವನು ತೀರಿಕೊಂಡಾಗ ಅಂತ್ಯಕ್ರಿಯೆಗೆ ಬಂದವರು ಊರಿನ ಅಮೆರಿಕನ್ ಲೀಜನ್ ಹಾಲ್‌ನಲ್ಲಿ ಸೇರಿ ಮೇಜು ಹಾಕಿ ಆಡಿದರು. ಮರುವರ್ಷದಿಂದ ಅದೇ ಪ್ರತಿ ಮಾರ್ಚ್‌ನ ಜಾತ್ರೆ ‘ಗ್ಯಾರಿ ಕಾನ್’ ಆಯಿತು. ಈಗ ಅದು ನಡೆಯುವ ಗ್ರ್ಯಾಂಡ್ ಜಿನೀವಾ ರೆಸಾರ್ಟ್ 1968ರಲ್ಲಿ ತೆರೆದಾಗ ಪ್ಲೇಬಾಯ್ ಕ್ಲಬ್ ಹೋಟೆಲ್ ಆಗಿತ್ತು. ಒಂದೇ ವರ್ಷ ಅತ್ತ ಅದು, ಇತ್ತ ಮಾಲಿಗಳ ಹಾಲ್‌ನಲ್ಲಿ ಒಂದು ಡಾಲರಿನ ಕೂಟ!

ನೋಡಲು ಹೋಗುವವರಿಗೆ: ಊರಿಗೆ ಈಗ ಪ್ರಯಾಣಿಕರ ರೈಲಿಲ್ಲ. ಶಿಕಾಗೊದಿಂದ ಇಲಿನಾಯ್ಸ್‌ನ ಹಾರ್ವರ್ಡ್ ಎಂಬ ಊರಿನವರೆಗೆ ಲೋಕಲ್ ರೈಲು ಇದೆ, ಮುಂದಕ್ಕೆ ಕಾರೇ ಗತಿ. ಬೂದು ಮನೆಯಲ್ಲಿ 2020ರ ದಶಕದ ಆರಂಭದಲ್ಲಿ ಮ್ಯೂಸಿಯಂ ತೆರೆಯಿತು. ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಸೆಂಟರ್ ಸ್ಟ್ರೀಟ್‌ನ ಗೈಗ್ಯಾಕ್ಸ್ ಹಳೆಯ ಮನೆಯನ್ನು ರಸ್ತೆಯಿಂದಲೇ ನೋಡಿ ಬರಬೇಕು. ಹಾರ್ಟಿಕಲ್ಚರಲ್ ಹಾಲ್ ಈಗಲೂ ಬಾಡಿಗೆಗೆ ಸಿಗುತ್ತದೆ. ನೀವು ಹೋದ ಶನಿವಾರ ಒಳಗೆ ಯಾರದಾದರೂ ಮದುವೆ ನಡೆದಿದ್ದರೆ ಆಶ್ಚರ್ಯವಿಲ್ಲ.