ಟರ್ಬೊ ಕೊಡುವುದು ಗಾಳಿ, ಅಶ್ವಶಕ್ತಿ ಅಲ್ಲ

ಪುಣೆ, ಪಿಂಪ್ರಿ, ಚಾಕಣ ಕಡೆ ಕೆಲಸ ಮಾಡುವ ಕನ್ನಡಿಗರಲ್ಲಿ ಬೈಕ್ ಮೇಲೆಯೇ ಊರಿಗೆ ಹೋಗಿಬರುವವರದ್ದು ಒಂದು ಪಂಗಡವೇ ಇದೆ. ಶುಕ್ರವಾರ ರಾತ್ರಿ ಬಸ್ ಟಿಕೆಟ್ ಸಿಗದವರು, ಸಿಕ್ಕರೂ ಬೇಡ ಎನ್ನುವವರು. ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಾವಿಯಲ್ಲಿ ಚಹಾ ಕುಡಿದರೆ ಮನೆ ತಲುಪಿದಷ್ಟೇ ಸಮಾಧಾನ. ಈ ಪಂಗಡದವರಿಗೆಲ್ಲ ಒಂದೇ ಕೊರಗು: ಖಂಬಾಟಕಿ ಘಾಟ್ ಏರುವಾಗ, ಹಿಂದೆ ಒಬ್ಬರು ಕೂತು ಬ್ಯಾಗುಗಳೂ ಇದ್ದರೆ, ಲಾರಿ ಹಿಂದಿಕ್ಕಲು ಗಾಡಿಯಲ್ಲಿ ದಮ್ಮು ಸಾಲುವುದಿಲ್ಲ.

ನಮ್ಮ ಆಫೀಸಿನಲ್ಲಿ ಧಾರವಾಡದ ಹುಡುಗನೊಬ್ಬ ಇದ್ದಾನೆ. ರಾಯಲ್ ಎನ್‌ಫೀಲ್ಡ್ 350 ಅವನ ಗಾಡಿ. ಮಳೆಗಾಲ ಮುಗಿದ ಮೇಲೆ ಒಂದು ದಿನ ಕ್ಯಾಂಟೀನಿನಲ್ಲಿ ಪಕ್ಕ ಬಂದು ಕೂತ. ‘ಅಣ್ಣಾ, ಟರ್ಬೊ ಹಾಕಿಸಿದ್ರ ಇಪ್ಪತ್ತು ಎಚ್‌ಪಿ ಇದ್ದದ್ದು ನಲವತ್ತು ಆಗ್ತದಂತ. ಖರೇ ಏನು?’ ಗ್ಯಾರೇಜಿನವನೊಬ್ಬ 45 ಸಾವಿರಕ್ಕೆ ಎಲ್ಲ ಮಾಡಿಕೊಡುತ್ತೇನೆ ಎಂದಿದ್ದನಂತೆ. ಬೈಕಿನ ಸಾಲದ ಕಂತು ಇನ್ನೂ 14 ತಿಂಗಳು ಬಾಕಿ ಇತ್ತು. ತಿಂಗಳಿಗೆ ಎರಡು ಸಲ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಊರಿಗೆ ಹೋಗುವುದು ಇದೇ ಗಾಡಿಯಲ್ಲಿ. ಹಾಗಾಗಿ ‘ಬೇಡಪ್ಪಾ’ ಎಂದು ಒಂದೇ ಮಾತಿನಲ್ಲಿ ಎದ್ದು ಹೋಗಲು ನನಗೆ ಮನಸ್ಸಾಗಲಿಲ್ಲ.

ನಾನು ಓದಿದ್ದು ಮೆಕ್ಯಾನಿಕಲ್, ಎಂ.ಟೆಕ್ ಮಾಡಿದ್ದು ಥರ್ಮಲ್‌ನಲ್ಲಿ. ಹೊಟ್ಟೆಪಾಡು ಮಾತ್ರ ಸಾಫ್ಟ್‌ವೇರ್. ಎಂಜಿನ್ ನಿಯಂತ್ರಿಸುವ ಇಸಿಯು ಎಂಬ ಪುಟ್ಟ ಕಂಪ್ಯೂಟರಿಗೆ ಕೋಡ್ ಬರೆಯುವುದು ನನ್ನ ಕೆಲಸ. ಅವನ ಪ್ರಶ್ನೆ ನನ್ನ ಓದು ಮತ್ತು ನೌಕರಿ ಎರಡೂ ಸೇರುವ ಜಾಗಕ್ಕೇ ಬಂದು ನಿಂತಿತ್ತು. ಪೇಪರ್ ನ್ಯಾಪ್‌ಕಿನ್ ಮೇಲೆ ಅವತ್ತು ಹಾಕಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಇದೇ ಆಸೆ ಇರುವವರು ನಿಮ್ಮಲ್ಲೂ ಇರಬಹುದು.

ಕುಲುಮೆಯ ತಿದಿ

ಕಮ್ಮಾರನ ಕುಲುಮೆ ನೋಡಿದವರಿಗೆ ಟರ್ಬೊ ಅರ್ಥ ಮಾಡಿಸುವುದು ಸುಲಭ. ತಿದಿ ಒತ್ತಿದರೆ ಗಾಳಿ ನುಗ್ಗುತ್ತದೆ, ಬೆಂಕಿ ಜೋರಾಗುತ್ತದೆ. ಎಂಜಿನ್ನಿನಲ್ಲೂ ಅಷ್ಟೇ. ಸಿಲಿಂಡರಿನೊಳಗೆ ಎಷ್ಟು ಗಾಳಿ ಹೋಗುತ್ತದೋ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಉರಿಸಬಹುದು, ಅದಕ್ಕೆ ತಕ್ಕಷ್ಟು ಶಕ್ತಿ ಸಿಗುತ್ತದೆ. ಸಾಮಾನ್ಯ ಬೈಕ್ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಟರ್ಬೊ ಇದ್ದರೆ ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಆ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವುದುಂಟು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಹೊಸ ವಿದ್ಯೆಯೇನಲ್ಲ.

ಆದರೆ ತಿದಿ ಒತ್ತಿದರೆ ಸಾಲದು. ಇದ್ದಿಲೂ ಹೆಚ್ಚು ಬೇಕು, ಕುಲುಮೆಯ ಗೋಡೆಯೂ ಆ ಕಾವು ತಡೆಯಬೇಕು. ಬೈಕಿಗೆ ಟರ್ಬೊ ಹಾಕುವ ಇಡೀ ಕಥೆ ಈ ಒಂದು ಮಾತಿನಲ್ಲಿದೆ.

ಲೆಕ್ಕ ನೋಡಿ. ಗ್ಯಾರೇಜಿನವನು ಹೇಳಿದ್ದು ‘ಅರ್ಧ ಬಾರ್ ಬೂಸ್ಟ್’. ವಾತಾವರಣದ ಒತ್ತಡ ಸುಮಾರು 1 ಬಾರ್. ಅದು ಒಂದೂವರೆಯಾದರೆ ಗಾಳಿ ಶೇ 50 ಹೆಚ್ಚು ಎಂದು ಅನಿಸುತ್ತದೆ. ಆದರೆ ಸೈಕಲ್ ಪಂಪ್ ಹೊಡೆಯುವಾಗ ತಳ ಬಿಸಿಯಾಗುವಂತೆ ಒತ್ತಿದ ಗಾಳಿಯೂ ಕಾಯುತ್ತದೆ. 30 ಡಿಗ್ರಿ ಗಾಳಿಯನ್ನು ಸಣ್ಣ ಟರ್ಬೊ ಅಷ್ಟು ಒತ್ತಿದರೆ ಅದು ಸುಮಾರು 87 ಡಿಗ್ರಿಗೆ ಏರುತ್ತದೆ. ಬಿಸಿ ಗಾಳಿ ಹಿಗ್ಗುವುದರಿಂದ ಸಿಲಿಂಡರಿಗೆ ನಿಜವಾಗಿ ಹೆಚ್ಚು ಸಿಗುವುದು ಶೇ 26ರಷ್ಟು. ಮಧ್ಯೆ ಇಂಟರ್‌ಕೂಲರ್ ಇಟ್ಟು 50 ಡಿಗ್ರಿಗೆ ಇಳಿಸಿದರೆ ಶೇ 40ರಷ್ಟು. ಅಂದರೆ 20 ಅಶ್ವಶಕ್ತಿಯ ಗಾಡಿ, ಎಲ್ಲವೂ ಸರಿ ಹೋದರೆ, 25ರಿಂದ 28 ಮುಟ್ಟಬಹುದು. ನಲವತ್ತು ಬೇಕೆಂದರೆ ಒಳ್ಳೆಯ ಇಂಟರ್‌ಕೂಲರ್ ಇಟ್ಟೂ 1 ಬಾರಿಗಿಂತ ಹೆಚ್ಚು ಬೂಸ್ಟ್ ಬೇಕು. ಗ್ಯಾರೇಜಿನ ಕಿಟ್‌ನಲ್ಲಿ ಇಂಟರ್‌ಕೂಲರೇ ಇರಲಿಲ್ಲ.

ಒಂದೇ ಸಿಲಿಂಡರಿನ ತೊಡಕು

‘ಮತ್ತ ಕಾರಿಗೆ ಹೆಂಗ ಆಗ್ತದ?’ ಎಂದು ಹುಡುಗ ಕೇಳಿದ. ಸರಿಯಾದ ಪ್ರಶ್ನೆಯೇ. ಟಾಟಾ ಟಿಯಾಗೋದ 1199 ಸಿಸಿ ಪೆಟ್ರೋಲ್ ಎಂಜಿನ್ 86 ಅಶ್ವಶಕ್ತಿಯದು; ಅಷ್ಟೇ ಸಿಸಿಯ ನೆಕ್ಸಾನ್ ಟರ್ಬೊ ಪೆಟ್ರೋಲ್ 120ರದು. ಜಪಾನಿನ 660 ಸಿಸಿ ಪುಟ್ಟ ಕಾರುಗಳೂ ಟರ್ಬೊ ಹೊತ್ತು 64 ಅಶ್ವಶಕ್ತಿ ಕೊಡುತ್ತವೆ.

ಆದರೆ ಅವೆಲ್ಲ ಮೂರು ಸಿಲಿಂಡರಿನವು. 3000 ಆರ್‌ಪಿಎಂನಲ್ಲಿ ಮೂರು ಸಿಲಿಂಡರಿನ ಎಂಜಿನ್ ಸೆಕೆಂಡಿಗೆ 75 ಸಲ ಹೊಗೆ ಉಗುಳುತ್ತದೆ. ಟರ್ಬೊಗೆ ಬಹುತೇಕ ಬಿಡುವಿಲ್ಲದ ಗಾಳಿ. ಒಂದೇ ಸಿಲಿಂಡರಿನ 350 ಅದೇ ವೇಗದಲ್ಲಿ ಉಗುಳುವುದು 25 ಸಲ. ನಮಗೆಲ್ಲ ಇಷ್ಟವಾದ ಆ ‘ಡಬ್ ಡಬ್’ ಸದ್ದೇ ಟರ್ಬೊಗೆ ಕಷ್ಟ. ಒಂದು ತಳ್ಳು, ಆಮೇಲೆ ಖಾಲಿ, ಮತ್ತೆ ಒಂದು ತಳ್ಳು. ಇನ್ನೊಂದು ತೊಡಕೂ ಇದೆ. ಹೊಗೆ ಹೊರಹೋಗಿ ಟರ್ಬೊ ತಿರುಗುವ ಹೊತ್ತಿಗೆ ಆ ಸಿಲಿಂಡರ್ ಗಾಳಿ ಎಳೆಯುತ್ತಿರುವುದಿಲ್ಲ. ಎಳೆಯುವ ಹೊತ್ತಿಗೆ ಹೊಗೆ ನಿಂತಿರುತ್ತದೆ. ಆದ್ದರಿಂದ ಒತ್ತಿದ ಗಾಳಿಯನ್ನು ಕೂಡಿಡಲು ಎಂಜಿನ್ನಿನ ಗಾತ್ರದ ಹಲವು ಪಟ್ಟಿನ ಒಂದು ಡಬ್ಬಿ ಮಧ್ಯದಲ್ಲಿ ಬೇಕು. ಅಮೆರಿಕದ ಎಂಐಟಿಯ ಸಂಶೋಧಕರು ರೈತರ ಸಣ್ಣ ಟ್ರ್ಯಾಕ್ಟರ್, ಪಂಪ್‌ಸೆಟ್ಟುಗಳನ್ನು ಮನಸ್ಸಿನಲ್ಲಿಟ್ಟು ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್ನಿಗೆ ಇಂಥದ್ದೇ ಡಬ್ಬಿ ಜೋಡಿಸಿ ಶಕ್ತಿ ಹೆಚ್ಚಿಸಿ ತೋರಿಸಿದ್ದಾರೆ. ಆಗುವುದಿಲ್ಲ ಎಂದೇನಲ್ಲ. ಆದರೆ ಪೆಟ್ರೋಲ್ ಟ್ಯಾಂಕಿನ ಕೆಳಗೆ ಆ ಡಬ್ಬಿಗೆ ಜಾಗ ಎಲ್ಲಿದೆ?

ಡೀಸೆಲ್ ಎಂದೆನಲ್ಲ, ಅಲ್ಲೂ ಒಂದು ವ್ಯತ್ಯಾಸವಿದೆ. ನಮ್ಮ ಕಡೆಯ ಲಾರಿಗಳು ದಶಕಗಳಿಂದ ಟರ್ಬೊ ಹೊತ್ತು ಓಡುತ್ತಿವೆ. ಡೀಸೆಲ್ ಎಂಜಿನ್ ಒತ್ತುವುದು ಬರೀ ಗಾಳಿಯನ್ನು. ಇಂಧನ ಬೀಳುವುದು ಕೊನೆಗೆ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ, ಪೆಟ್ರೋಲ್ ಎರಡೂ ಬೆರೆತೇ ಒತ್ತಡಕ್ಕೆ ಸಿಗುತ್ತವೆ. ಒತ್ತಡ, ಶಾಖ ಮಿತಿ ಮೀರಿದರೆ ಮಿಶ್ರಣದ ಒಂದು ಭಾಗ ತಾನಾಗಿಯೇ ಸಿಡಿಯುತ್ತದೆ. ಮೆಕ್ಯಾನಿಕ್‌ಗಳು ‘ನಾಕಿಂಗ್’ ಎನ್ನುವುದು ಇದಕ್ಕೇ. ಪಿಸ್ಟನ್ ತಲೆಯ ಮೇಲೆ ಸುತ್ತಿಗೆ ಏಟು ಬಿದ್ದಂತೆ.

ಕೊನೆಯ ಕಾಲಂ ದಾಟಿದ ಮೇಲೆ

ಇನ್ನು ನನ್ನ ಕಸುಬಿನ ಮಾತು. ಬಿಎಸ್-6 ಬೈಕಿನ ಇಸಿಯು ಒಳಗೆ ಕೋಷ್ಟಕಗಳಿರುತ್ತವೆ. ಒಂದು ಬದಿಗೆ ಆರ್‌ಪಿಎಂ, ಇನ್ನೊಂದು ಬದಿಗೆ ಒಳಹೋಗುವ ಗಾಳಿಯ ಒತ್ತಡ. ಎರಡೂ ಸೇರುವ ಮನೆಯಲ್ಲಿ ಎಷ್ಟು ಪೆಟ್ರೋಲ್ ಸಿಂಪಡಿಸಬೇಕು, ಕಿಡಿ ಯಾವಾಗ ಹಾರಬೇಕು ಎಂಬ ಅಂಕಿ. ಒಂದೊಂದು ಮನೆಯ ಹಿಂದೆಯೂ ಟೆಸ್ಟ್ ಬೆಂಚಿನ ಮೇಲೆ ಎಂಜಿನ್ ಓಡಿಸಿದ ಎಷ್ಟೋ ಗಂಟೆಗಳ ದುಡಿಮೆ ಇದೆ. ಟರ್ಬೊ ಇಲ್ಲದ ಗಾಡಿಯಲ್ಲಿ ಒತ್ತಡ ವಾತಾವರಣಕ್ಕಿಂತ ಮೇಲೆ ಹೋಗುವುದೇ ಇಲ್ಲ. ಹಾಗಾಗಿ ಕೊನೆಯ ಕಾಲಂ ಅಲ್ಲಿಗೇ ಮುಗಿಯುತ್ತದೆ.

ಈಗ ಟರ್ಬೊ ಕೂರಿಸಿ. ಒತ್ತಡ ಒಂದೂವರೆ ಬಾರ್ ಮುಟ್ಟಿದಾಗ ಇಸಿಯು ಏನು ಮಾಡೀತು? ಸಾಮಾನ್ಯವಾಗಿ ಕೊನೆಯ ಕಾಲಂನ ಅಂಕಿಯನ್ನೇ ಹಿಡಿದುಕೊಂಡು ಕೂರುತ್ತದೆ. ಗಾಳಿ ಹೆಚ್ಚಾಯಿತು, ಪೆಟ್ರೋಲ್ ಹಳೆಯಷ್ಟೇ. ಕಿಡಿಯೂ ಹಳೆಯ ಹೊತ್ತಿಗೇ. ಕುಲುಮೆಯಲ್ಲಿ ಗಾಳಿ ಇದೆ, ಇದ್ದಿಲಿಲ್ಲ. ಆದರೆ ಇಲ್ಲಿ ಬೆಂಕಿ ಆರುವ ಬದಲು ಎಂಜಿನ್ ವಿಪರೀತ ಕಾಯುತ್ತದೆ, ನಾಕಿಂಗ್ ಶುರುವಾಗುತ್ತದೆ. ಪಿಸ್ಟನ್ನಿಗೆ ತೂತು ಬೀಳುವುದು ಹೀಗೆ. ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಎಂಜಿನ್ ಹಿಡಿದುಕೊಂಡರೆ ಹಿಂದಿನ ಚಕ್ರವೂ ನಿಲ್ಲುತ್ತದೆ. ಹಿಂದೆ ಕೂತವರು ಯಾರು ಎಂದು ಹುಡುಗನಿಗೆ ನೆನಪಿಸುವ ಅಗತ್ಯವಿರಲಿಲ್ಲ. ಅವನೇ ಚಹಾ ಲೋಟ ಕೆಳಗಿಟ್ಟ.

ಸರಿಪಡಿಸಬೇಕೆಂದರೆ ಪಟ್ಟಿ ಬೆಳೆಯುತ್ತದೆ. ಹೆಚ್ಚು ಒತ್ತಡ ಅಳೆಯುವ ಸೆನ್ಸರ್, ಕೋಷ್ಟಕ ಬದಲಿಸಬಲ್ಲ ಬೇರೆ ಇಸಿಯು, ದೊಡ್ಡ ಇಂಜೆಕ್ಟರ್, ಪಂಪ್, ಕಂಪ್ರೆಷನ್ ಇಳಿಸಲು ಬೇರೆ ಪಿಸ್ಟನ್, ಟರ್ಬೊ ದಂಡಕ್ಕೆ ಎಣ್ಣೆ ಕೊಡುವ ಮತ್ತು ವಾಪಸ್ ತರುವ ಕೊಳವೆ, ಬಿಗಿಯಾದ ಕ್ಲಚ್, ಡೈನೊ ಮೇಲೆ ಟ್ಯೂನಿಂಗ್. ಈ ಪಟ್ಟಿಯಲ್ಲಿ ಅಗ್ಗದ ವಸ್ತು ಯಾವುದು ಗೊತ್ತೆ? ಗುಜರಿಯಲ್ಲಿ ಸಿಗುವ ಟರ್ಬೊ!

ಜಪಾನಿನವರು ಕಲಿತ ಪಾಠ

ಇದನ್ನೆಲ್ಲ ದುಡ್ಡು, ಜಾಣತನ ಎರಡೂ ಇದ್ದವರು ನಲವತ್ತು ವರ್ಷದ ಹಿಂದೆಯೇ ಮಾಡಿ ನೋಡಿದ್ದಾರೆ. 1982ರಲ್ಲಿ ಹೋಂಡಾ ಸಿಎಕ್ಸ್500 ಟರ್ಬೊ ಬಂತು. 497 ಸಿಸಿಯ, 50 ಅಶ್ವಶಕ್ತಿಯ ಎಂಜಿನ್ 82ಕ್ಕೆ ಏರಿತು. ಅದಕ್ಕಾಗಿ ಕಂಪ್ರೆಷನ್ ಅನುಪಾತವನ್ನು 10ರಿಂದ 7.2ಕ್ಕೆ ಇಳಿಸಿದರು, ಕಾರ್ಬ್ಯುರೇಟರ್ ತೆಗೆದು ಕಂಪ್ಯೂಟರ್ ನಿಯಂತ್ರಿತ ಇಂಜೆಕ್ಷನ್ ಕೂರಿಸಿದರು. ಯಮಹಾ, ಸುಜುಕಿಗಳೂ ಹಿಂದೆಯೇ ಬಂದವು. ಕೊನೆಗೆ ಬಂದ ಕವಾಸಾಕಿ ಜಿಪಿಝಡ್750 ಟರ್ಬೊ ಇವುಗಳಲ್ಲೆಲ್ಲ ಚುರುಕು. 738 ಸಿಸಿಗೆ 112 ಅಶ್ವಶಕ್ತಿ. ಥ್ರಾಟಲ್ ತಿರುಗಿಸಿದ ಮೇಲೆ ಟರ್ಬೊ ಎಚ್ಚರವಾಗಲು ತಡವಾಗಬಾರದೆಂದು ಅದನ್ನು ಎಂಜಿನ್ನಿನ ಮುಂದೆ, ಹೊಗೆ ಕೊಳವೆಯ ಬಾಯಿಗೆ ಹತ್ತಿರ ಇಟ್ಟಿದ್ದರು.

ಆದರೆ 1984ರಲ್ಲಿ ಅದೇ ಕವಾಸಾಕಿ ಜಿಪಿಝಡ್900ಆರ್ ತಂದಿತು. ಟರ್ಬೊ ಇಲ್ಲ. 908 ಸಿಸಿ, ಸಿಲಿಂಡರಿಗೆ ನಾಲ್ಕು ವಾಲ್ವ್, ನೀರಿನ ತಂಪು, 115 ಅಶ್ವಶಕ್ತಿ. 170 ಸಿಸಿ ಹೆಚ್ಚಿಸಿ, ತಲೆನೋವು ಕಡಿಮೆ ಮಾಡಿ, ಟರ್ಬೊಗಿಂತ ಒಂದು ಕೈ ಮೇಲು. 1980ರ ದಶಕದ ಮಧ್ಯಕ್ಕೆ ಜಪಾನಿನ ಟರ್ಬೊ ಬೈಕುಗಳೆಲ್ಲ ಮಾರುಕಟ್ಟೆಯಿಂದ ಮರೆಯಾದವು.

ಕವಾಸಾಕಿ 2015ರಲ್ಲಿ ನಿಂಜಾ ಎಚ್2 ತಂದಾಗಲೂ ಟರ್ಬೊ ಬಳಸಲಿಲ್ಲ. ಎಂಜಿನ್ನೇ ಗೇರುಗಳ ಮೂಲಕ ತಿರುಗಿಸುವ ಸೂಪರ್‌ಚಾರ್ಜರ್ ಹಾಕಿತು. ಹೊಗೆಗಾಗಿ ಕಾಯುವ ಗೋಜಿಲ್ಲ. ಹೋಂಡಾ 2024ರಲ್ಲಿ ಮಿಲಾನ್ ಪ್ರದರ್ಶನದಲ್ಲಿ ಮೂರು ಸಿಲಿಂಡರಿನ ಎಂಜಿನ್ನಿಗೆ ವಿದ್ಯುತ್ತಿನಿಂದ ತಿರುಗುವ ಕಂಪ್ರೆಸರ್ ತೋರಿಸಿತು. ತಿದಿಯ ಆಸೆ ಯಾರಿಗೂ ಹೋಗಿಲ್ಲ. ಆದರೆ ಎರಡೂ ಕಡೆ ತಿದಿಯ ಜೊತೆಗೆ ಕುಲುಮೆಯನ್ನೂ ಹೊಸದಾಗಿಯೇ ಕಟ್ಟಿದ್ದಾರೆ.

ಬ್ರೇಕು, ಕಾನೂನು

ಶಕ್ತಿ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಅಶ್ವಶಕ್ತಿ ಎರಡು ಪಟ್ಟಾದರೂ ಗರಿಷ್ಠ ವೇಗ ಏರುವುದು ಹೆಚ್ಚೆಂದರೆ ಶೇ 26. ಆದರೆ ಬ್ರೇಕ್ ನುಂಗಬೇಕಾದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 80ರ ಬದಲು 110 ಕಿ.ಮೀ.ಯಲ್ಲಿ ಬ್ರೇಕ್ ಒತ್ತಿದರೆ ಹೊರೆ ಸುಮಾರು 1.9 ಪಟ್ಟು. ಡಿಸ್ಕು, ಟೈರು, ಫ್ರೇಮು ಮಾತ್ರ ಹಳೆಯವೇ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಿಗದಿ ಮಾಡಿದ, ಆರ್‌ಸಿಯಲ್ಲಿರುವ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮಾ ಕಂಪನಿ ಮೊದಲು ಎತ್ತುವ ತಕರಾರೂ ಇದೇ. ಮಹಾರಾಷ್ಟ್ರದ ನಂಬರ್ ಪ್ಲೇಟ್ ಹೊತ್ತು ನಿಪ್ಪಾಣಿ ದಾಟುವ ನಮಗೆ ಎರಡು ರಾಜ್ಯದ ಪೊಲೀಸರಿಗೆ ಉತ್ತರ ಹೇಳುವ ಭಾಗ್ಯ ಬೇರೆ.

ಟರ್ಬೊ ವಿದ್ಯೆಯ ಮೇಲೆಯೇ ಮೋಹವಿದ್ದರೆ ಅದಕ್ಕೆ ಜಾಗವಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಫಾರ್ಮುಲಾ ಸ್ಪರ್ಧೆಗಳಿಗೆ ಬೈಕ್ ಎಂಜಿನ್ ಹೊತ್ತ ಪುಟ್ಟ ರೇಸ್ ಕಾರು ಕಟ್ಟುತ್ತಾರೆ. ಅಲ್ಲಿ ನಿಯಮವಿದೆ, ಟ್ರ್ಯಾಕ್ ಇದೆ, ಸುರಕ್ಷತೆಯ ತಪಾಸಣೆ ಇದೆ. ಎಂಜಿನ್ ಸಿಡಿದರೆ ಪಾಠವಾಗುತ್ತದೆ, ಪ್ರಾಣ ಹೋಗುವುದಿಲ್ಲ. ನಿಮ್ಮ ಹಳೆಯ ಕಾಲೇಜಿನ ತಂಡಕ್ಕೆ ಒಂದು ಫೋನ್ ಮಾಡಿ ನೋಡಿ. ಅನುಭವಿ ಕೈ, ನಾಲ್ಕು ಕಾಸು ಎರಡೂ ಅವರಿಗೆ ಬೇಕಿರುತ್ತವೆ.

ನಮ್ಮ ಹುಡುಗ ಕಿಟ್ ಕೊಳ್ಳಲಿಲ್ಲ. ಸವೆದ ಚೈನ್-ಸ್ಪ್ರಾಕೆಟ್, ಕೊಳೆಯಾದ ಏರ್ ಫಿಲ್ಟರ್ ಬದಲಿಸಿ, ಹಿಂದಿನ ಟೈರಿಗೆ ಇಬ್ಬರ ಲೆಕ್ಕದ ಗಾಳಿ ಹಿಡಿಸಿದ. ನಾಲ್ಕು ಸಾವಿರದೊಳಗೆ ಮುಗಿಯಿತು. ಗಾಡಿ ರಾಕೆಟ್ ಆಗಲಿಲ್ಲ, ಆದರೆ ಕಳೆದುಕೊಂಡಿದ್ದ ದಮ್ಮು ವಾಪಸ್ ಬಂತು. ಕಂತು ತೀರಿದ ಮೇಲೆ 40 ಅಶ್ವಶಕ್ತಿಯ ಹಿಮಾಲಯನ್ 450 ನೋಡುತ್ತೇನೆ ಎನ್ನುತ್ತಿದ್ದಾನೆ. ಅವನಿಗೆ ಬೇಕಿದ್ದ ನಲವತ್ತು, ಟರ್ಬೊ ಇಲ್ಲದೆ, ಅದಕ್ಕೆ ತಕ್ಕ ಬ್ರೇಕಿನ ಜೊತೆ, ವಾರಂಟಿ ಸಮೇತ ಅಲ್ಲಿದೆ.

ಇಷ್ಟಾದರೂ ‘ಹಾಕಿಸಿಯೇ ಸೈ’ ಎನ್ನುವವರು ಗ್ಯಾರೇಜಿನವರಿಗೆ ಮೂರು ಪ್ರಶ್ನೆ ಕೇಳಿ. ಬೂಸ್ಟ್ ಬಂದಾಗ ಪೆಟ್ರೋಲ್ ಲೆಕ್ಕ ಇಡುವವರು ಯಾರು? ಒತ್ತಿದ ಗಾಳಿಯನ್ನು ತಂಪು ಮಾಡುವುದು ಹೇಗೆ? ಎಂಜಿನ್ ಹೋದರೆ ಬರೆದುಕೊಡುತ್ತೀರಾ? ಮೂರಕ್ಕೂ ನೆಟ್ಟಗೆ ಉತ್ತರ ಬರದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.